ನಮ್ಮ ಸೀಮೆಯ ಮಾಳಿಗೆ ಮನೆ

ನಮ್ಮ ಭಾಗದ ಮನೆಗಳ ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅರಮನೆಯಲ್ಲ, ಕೋಟೆಯಲ್ಲ; ಯಲಬುರ್ಗಾ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಹುಟ್ಟಿ ಬೆಳೆದ ಏಳಂಕಣದ ಮಾಳಿಗೆ ಮನೆ. ಆ ಮನೆ ಈಗಿಲ್ಲ. ಅದರ ಅರ್ಧವನ್ನು ನಾನೇ ಮುಂದೆ ನಿಂತು ಕೆಡವಿಸಿದೆ. ಉಳಿದರ್ಧ ನನ್ನ ಅಲಕ್ಷ್ಯದಿಂದ ಬಿತ್ತು. ಆದಕಾರಣ ಈ ಹೊತ್ತಿನ ನನ್ನ ಮಾತಿನಲ್ಲಿ ಇತಿಹಾಸದ ಜೊತೆಗೆ ಕೊಂಚ ತಪ್ಪೊಪ್ಪಿಗೆಯೂ ಬೆರೆತು ಬಂದರೆ ಕೇಳುಗರು ಮನ್ನಿಸಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ—ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮವರ ರೂಢಿ. 1948ರವರೆಗೆ ಇವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. 1956ರಲ್ಲಿ ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾಗಿ, ಬಹುಕಾಲ ರಾಯಚೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಕೊಪ್ಪಳ ಜಿಲ್ಲೆ ಎನಿಸಿಕೊಂಡವು. ಕುಕನೂರು, ಕನಕಗಿರಿ, ಕಾರಟಗಿಗಳು ಈಚೆಗೆ ಬೇರೆ ತಾಲ್ಲೂಕುಗಳಾಗಿವೆ. ಆಳುವವರು ಬದಲಾದರು, ಗಡಿಗಳು ಬದಲಾದವು. ಬದಲಾಗದೆ ಉಳಿದದ್ದು ಬಿಸಿಲು. ವರ್ಷಕ್ಕೆ ಸುಮಾರು ಆರು ನೂರು ಮಿಲಿಮೀಟರು ಮಳೆ, ಅದೂ ನಂಬುವಂತಿಲ್ಲ. ಚೈತ್ರ ವೈಶಾಖಗಳಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ಸೆಕೆ. ಯಲಬುರ್ಗಾದ ಕಡೆಗೆ ಎರೆಭೂಮಿ, ಕುಷ್ಟಗಿಯ ಕಡೆಗೆ ಮಸಾರಿ, ಗಂಗಾವತಿಯಲ್ಲಿ ಬಂಡೆಗಳ ಮೇಲೆ ಬಂಡೆ ಹೇರಿದಂತಹ ಗುಡ್ಡಗಳು ಮತ್ತು ತುಂಗಭದ್ರೆ. ಮನೆ ಕಟ್ಟುವವನಿಗೆ ಪ್ರಕೃತಿ ಇಲ್ಲಿ ಕೊಟ್ಟದ್ದು ಇಷ್ಟು: ಕಲ್ಲು, ಮಣ್ಣು, ಅಲ್ಪಸ್ವಲ್ಪ ಮರ. ಇವುಗಳಿಂದಲೇ ಅವನು ಬಿಸಿಲಿಗೆ ಉತ್ತರ ಹೇಳಬೇಕಾಗಿತ್ತು.

ಆ ಉತ್ತರ ಬಹಳ ಹಳೆಯದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡವನ್ನು ನಿಮ್ಮಲ್ಲಿ ಕೆಲವರು ಹತ್ತಿರಬಹುದು. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲಕ್ಕೆ ಸೇರಿದವೆಂದು ವಿದ್ವಾಂಸರು ಹೇಳುವ ಸುಮಾರು 400 ಶಿಲಾಸಮಾಧಿಗಳು ಅಲ್ಲಿವೆ. ಮೂರು ಕಡೆ ನಿಲ್ಲಿಸಿದ ಕಲ್ಲು ಚಪ್ಪಡಿ, ಮೇಲೊಂದು ಹೊದಿಕೆಯ ಚಪ್ಪಡಿ; ಕೆಲವದರ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ನೋಡಿದರೆ ಪುಟ್ಟ ಮನೆಗಳ ಓಣಿಯೊಂದರಲ್ಲಿ ನಿಂತಂತೆ ತೋರುತ್ತದೆ. ನಮ್ಮ ಜನ ಅದನ್ನು ಮೋರ್ಯರ ಗುಡ್ಡವೆಂದು ಕರೆದು, ಗಿಡ್ಡನೆಯ ಜನಾಂಗವೊಂದು ಅಲ್ಲಿ ವಾಸವಾಗಿತ್ತೆಂದು ಕತೆ ಕಟ್ಟಿದ್ದಾರೆ. 1835ರಲ್ಲಿಯೇ ಮೆಡೋಸ್ ಟೇಲರ್ ಈ ನೆಲೆಯ ವಿಷಯ ಬರೆದನು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಅದು ಸೇರಿತು. ಆದರೆ ಅವು ಸತ್ತವರ ಮನೆಗಳು. ಅವನ್ನು ಕಟ್ಟಿದವರು ತಾವು ಬದುಕಿದ್ದಾಗ ಎಲ್ಲಿದ್ದರು? ಕಲ್ಲಿನಲ್ಲಲ್ಲ. ಹೊಳೆಯಾಚೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ, ಹಿರೇಬೆಣಕಲ್ಲಿಗಿಂತಲೂ ಹಿಂದಿನ, ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ನೆಲೆಗಳು ಸಿಕ್ಕವು. ಗೂಟಗಳನ್ನು ನೆಟ್ಟ ಕುಳಿಗಳು, ಗಟ್ಟಿಸಿದ ನೆಲ—ಉಳಿದದ್ದು ಇಷ್ಟೆ.

ಸತ್ತವರಿಗೆ ಕಲ್ಲು, ಬದುಕಿದವರಿಗೆ ಮಣ್ಣು ಎಂಬ ಈ ಕ್ರಮ ಮುಂದೆಯೂ ನಡೆದು ಬಂದಿದೆ; ಸತ್ತವರ ಸ್ಥಾನಕ್ಕೆ ದೇವರು ಬಂದನೆಂಬುದಷ್ಟೇ ವ್ಯತ್ಯಾಸ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯವನ್ನು ಅಲ್ಲಿಯ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಹೊಗಳುತ್ತದೆ. ಆ ಗುಡಿ ಇಂದಿಗೂ ನಿಂತಿದೆ. ಅದನ್ನು ಕಡೆದ ಶಿಲ್ಪಿಗಳು ರಾತ್ರಿ ಮಲಗಿದ ಮನೆಗಳಲ್ಲಿ ಒಂದಾದರೂ ನಿಂತಿಲ್ಲ. ಆ ಕಾಲದ ಶಾಸನಗಳಲ್ಲಿ ದಾನ ಕೊಟ್ಟ ಮನೆಯ ನಿವೇಶನಗಳ ಮಾತು ಮೇಲಿಂದ ಮೇಲೆ ಬರುತ್ತದೆ. ನಿವೇಶನದ ಹೆಸರು ಉಳಿಯಿತು, ಮನೆ ಉಳಿಯಲಿಲ್ಲ. ಹಂಪಿ ಆನೆಗುಂದಿಗಳಲ್ಲಿಯಾದರೂ ಅಷ್ಟೆ. ರಾಯರ ಅರಮನೆಗಳಲ್ಲಿ ನಾವಿಂದು ಕಾಣುವುದು ಬಹುಮಟ್ಟಿಗೆ ಕಲ್ಲಿನ ಜಗತಿಗಳನ್ನು ಮಾತ್ರ. ಮೇಲಿನ ಮರ, ಗಾರೆ, ಮಣ್ಣುಗಳ ಕಟ್ಟಡ ಮಣ್ಣಿಗೆ ಮರಳಿದೆ. ಚಕ್ರವರ್ತಿಯೂ ಮರ ಮಣ್ಣುಗಳ ಮನೆಯಲ್ಲಿಯೇ ಮಲಗಿದನೆಂಬುದನ್ನು ನೆನೆದರೆ, ಮಣ್ಣಿನ ಮನೆ ಬಡತನದ ಗುರುತೆಂಬ ಈಗಿನ ಭಾವನೆ ಎಷ್ಟು ಹೊಸದೆಂಬುದು ಹೊಳೆಯದಿರದು.

ಇನ್ನು ಮಾಳಿಗೆ ಮನೆಯ ವಿಚಾರ. ನಮ್ಮ ಕಡೆ ಮನೆಯನ್ನು ಅಳೆಯುವುದು ಅಂಕಣದ ಲೆಕ್ಕದಲ್ಲಿ. ಎರಡು ತೊಲೆಗಳ ನಡುವಣ ಜಾಗ ಒಂದು ಅಂಕಣ. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳನ್ನು ಕಟ್ಟುವ ಜಾಗ, ಗೋಡೆಗೆ ಹೊಂದಿಕೊಂಡು ಗ್ವಾದಲಿ. ಒಂದೆರಡು ಮೆಟ್ಟಿಲು ಏರಿದರೆ ಪಡಸಾಲೆ. ಅದರಾಚೆ ನಡುಮನೆ, ದೇವರ ಜಗಲಿ, ಅಡಿಗೆಮನೆ, ಬಚ್ಚಲು. ಜೋಳ ತುಂಬಲು ನೆಲದೊಳಗೆ ಹಗೇವು. ಗೋಡೆಗಳು ಎರಡರಿಂದ ಮೂರು ಅಡಿ ದಪ್ಪ; ಕಲ್ಲಿಗೆ ಕೆಸರು ಕಟ್ಟಿ ಎಬ್ಬಿಸಿದವು. ಕೆಸರಿಗೆ ಎರೆಮಣ್ಣು ಒಗ್ಗದು, ಏಕೆಂದರೆ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಸಾರಿ ಮಣ್ಣನ್ನು ದೂರದಿಂದಲಾದರೂ ತಂದು, ಹೊಟ್ಟು ಬೆರೆಸಿ, ತುಳಿದು, ಕೊಳೆಹಾಕಿ ಹದಗೊಳಿಸುತ್ತಿದ್ದರು. ಮಾಳಿಗೆಯ ಭಾರ ಮಾತ್ರ ಒಳಗಿನ ಕಂಬ, ಬೋದಿಗೆ, ತೊಲೆಗಳ ಮೇಲೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಹುಳ ಹಿಡಿಯದಂತೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಒಂದು ಪದರ.

ಈ ಸವಳು ಮಣ್ಣಿನ ಆಯ್ಕೆಯಲ್ಲಿ ನಮ್ಮ ಹಿರಿಯರ ಬುದ್ಧಿ ಕಾಣುತ್ತದೆ. ಬೆಳೆಗೆ ಬಾರದ, ಉಪ್ಪು ಕಾರುವ ಮಣ್ಣದು. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ, ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ ಎಂದು ಮಣ್ಣಿನ ವಿಜ್ಞಾನ ಇಂದು ಹೇಳುತ್ತದೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರವಾಯಿತು. ವಿಜ್ಞಾನದ ಈ ಹೆಸರುಗಳನ್ನು ಅರಿಯದಿದ್ದ ನಮ್ಮ ಅಜ್ಜ ನಾಲಗೆಯ ತುದಿಗೆ ಮಣ್ಣನ್ನು ಮುಟ್ಟಿಸಿ, ಉಪ್ಪು ಹತ್ತಿದರೆ ಮಾತ್ರ ಬಂಡಿ ಹೇರಿಸುತ್ತಿದ್ದನು.

ಗಾಳಿ ಬೆಳಕುಗಳಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಗೋಡೆಗೆ ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ ಹೊರಗಿನ ಬಿಸಿಗಾಳಿ ಒಳಗೆ ಬಾರದಿರಲೆಂದು ಹಾಗೆ. ಒಳಗಿನ ಬಿಸಿ ಮೇಲೇರಿ ಬೆಳಕಿಂಡಿಯಿಂದ ಹೊರಟುಹೋಗುತ್ತಿತ್ತು. ದಪ್ಪ ಗೋಡೆ, ದಪ್ಪ ಮಾಳಿಗೆಗಳು ಹಗಲಿನ ಬಿಸಿಲನ್ನು ಹತ್ತು ಗಂಟೆಗೂ ಹೆಚ್ಚು ಕಾಲ ತಡೆದು ಹಿಡಿಯುತ್ತವೆ. ಆ ಬಿಸಿ ಒಳಮೈಗೆ ಬರುವ ವೇಳೆಗೆ ಹೊರಗೆ ರಾತ್ರಿಯಾಗಿರುತ್ತದೆ. ಮನೆಮಂದಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿರುತ್ತಾರೆ. ನಾಲ್ಕೈದು ಅಂಗುಲದ ಸಿಮೆಂಟಿನ ಚಪ್ಪಡಿಯಾದರೋ ಸುಮಾರು ಮೂರು ಗಂಟೆಯಲ್ಲಿ ಬಿಸಿಯನ್ನು ದಾಟಿಸಿಬಿಡುತ್ತದೆ. ಹಳೆಯ ಮನೆಯ ತಂಪಿನ ಗುಟ್ಟು ಇದೇ: ಅದು ಬಿಸಿಲನ್ನು ಕೊಲ್ಲುತ್ತಿರಲಿಲ್ಲ, ಕಾಯಿಸುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಪಕ್ಕವನ್ನು ಹೇಳದಿದ್ದರೆ ಇತಿಹಾಸಕ್ಕೆ ದ್ರೋಹ ಬಗೆದಂತಾಗುತ್ತದೆ. ಆ ಮನೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ಅಡಿಗೆಮನೆಯ ಒಲೆಗೆ ಹೊಗೆ ಹೋಗಲು ಬೇರೆ ದಾರಿಯಿಲ್ಲ. ನಮ್ಮ ಅವ್ವ ಐವತ್ತು ವರ್ಷ ಆ ಹೊಗೆಯಲ್ಲಿ ರೊಟ್ಟಿ ಬಡಿದಳು. ಅವಳ ಕಣ್ಣು ಸದಾ ನೀರೂರುತ್ತಿದ್ದವು, ಕೊನೆಯ ದಿನಗಳಲ್ಲಿ ಕೆಮ್ಮು ಅವಳನ್ನು ಬಿಡಲೇ ಇಲ್ಲ. ಅಡಿಗೆಯ ಹೊಗೆಯಿಂದ 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಲೆಕ್ಕವನ್ನು ಓದಿದಾಗ ನನಗೆ ಕಂಡದ್ದು ನಮ್ಮ ಅಡಿಗೆಮನೆಯ ಕರಿಗಟ್ಟಿದ ಜಂತಿಗಳು. ದನಗಳ ಜೊತೆಗೇ ವಾಸ, ಹಗೇವಿನಲ್ಲಿ ಕಾಳು, ಗೋಡೆಯ ಸಂದಿನಲ್ಲಿ ಇಲಿ. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೂ ಬೆಂಗಳೂರಿಗೂ ಪ್ಲೇಗು ಬಂದಾಗ, ಇಲಿಗೆ ಆಶ್ರಯ ಕೊಟ್ಟ ಇಂಥ ಮನೆಗಳನ್ನೇ ತೊರೆದು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿ, ಗಾಳಿಯಾಡುವ ಮನೆಗಳ ಬಡಾವಣೆಗಳಾಗಿ ಬೆಳೆದದ್ದು ಆ ಮಾರಿಯ ಪಾಠದಿಂದ. ಆರೋಗ್ಯವೆಂದರೆ ಬರಿಯ ತಂಪಲ್ಲ, ಬೆಳಕು ಮತ್ತು ಗಾಳಿ ಕೂಡ ಎಂಬುದನ್ನು ನಮ್ಮ ಪೂರ್ವಿಕರು ತಮ್ಮ ಮಾಳಿಗೆಯ ಕೆಳಗೆ ಕುಳಿತು ಕಲಿಯಲಿಲ್ಲ.

ಮತ್ತೊಂದು ಮಾತು. ಮಾಳಿಗೆ ಮನೆ ಎಲ್ಲರಿಗೂ ಇರಲಿಲ್ಲ. ತೊಲೆ ಕಂಬಗಳ ಮರ ಕೊಳ್ಳುವುದು ಹೊಲವುಳ್ಳವರಿಗೆ ಮಾತ್ರ ಸಾಧ್ಯವಿತ್ತು. ನಮ್ಮ ಮಾಳಿಗೆಗೆ ವರ್ಷವರ್ಷವೂ ಮಣ್ಣು ಹೊತ್ತವರು ಊರ ಹೊರಗಿನ ಕೇರಿಯವರು. ಸಂಜೆ ಅವರು ಮರಳಿ ಹೋಗುತ್ತಿದ್ದುದು ಹುಲ್ಲು ಹೊದಿಸಿದ ಗುಡಿಸಲುಗಳಿಗೆ. ನಮ್ಮ ತಂಪು ಅವರ ತಲೆಯ ಮೇಲಿನ ಬುಟ್ಟಿಯಲ್ಲಿ ಬಂದದ್ದು. ಹಳೆಯ ಮನೆಯ ಸೊಗಸನ್ನು ವರ್ಣಿಸುವ ನಮ್ಮ ಅನೇಕ ಬರಹಗಳಲ್ಲಿ ಈ ಬುಟ್ಟಿ ಕಾಣುವುದಿಲ್ಲ.

ಮಾಳಿಗೆ ಸೋರುವ ವಸ್ತು. ಶಿಶುನಾಳ ಷರೀಫ ಸಾಹೇಬರು ಸೋರುವ ಮಾಳಿಗೆಯನ್ನೇ ಹಿಡಿದು ತಮ್ಮ ಪ್ರಸಿದ್ಧ ತತ್ತ್ವಪದವನ್ನು ಹಾಡಿದರು. ನಾವು ಅದನ್ನು ದೇಹದ ಮಾತೆಂದೂ ಅಜ್ಞಾನದ ಮಾತೆಂದೂ ಅರ್ಥೈಸುತ್ತೇವೆ, ಅದು ಸರಿಯೇ. ಆದರೆ ಆ ಪದ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೂ ಮುದುಕರಿಗೂ ಅಷ್ಟು ಬೇಗ ನಾಟಲು ಕಾರಣ, ಮಾಳಿಗೆ ಸೋರುವುದೆಂದರೇನು, ಮಳೆಯ ರಾತ್ರಿ ಮೇಲೆ ಹತ್ತುವವರು ಇಲ್ಲದಿರುವುದೆಂದರೇನು ಎಂಬುದು ಅವರ ಅನುಭವದಲ್ಲಿಯೇ ಇತ್ತು. ಮಿರ್ಗದ ಮಳೆ ಕೂಡುವ ಮೊದಲು ಮಾಳಿಗೆಗೆ ಸವಳು ಹಾಕಬೇಕು, ಮೊಳೆತ ಹುಲ್ಲು ಕೀಳಬೇಕು, ಬಿರುಕು ಮುಚ್ಚಬೇಕು, ನೀರು ಹೊರಬೀಳುವ ದೋಣಿಯ ಬಾಯಿ ಬಿಡಿಸಬೇಕು. ಹಬ್ಬಕ್ಕೊಮ್ಮೆ ಸುಣ್ಣ ಕೆಮ್ಮಣ್ಣು, ವಾರಕ್ಕೊಮ್ಮೆ ಹೆಂಡಿಯಿಂದ ನೆಲ ಸಾರಿಸುವುದು. ಮಣ್ಣಿನ ಮನೆಯನ್ನು ಒಮ್ಮೆ ಕಟ್ಟಿ ಮುಗಿಸುವುದೆಂಬುದಿಲ್ಲ. ಪ್ರತಿ ವರ್ಷವೂ ಅಷ್ಟಿಷ್ಟು ಕಟ್ಟುತ್ತಲೇ ಇರಬೇಕು. ನಮ್ಮೂರಿನ ಹಿರಿಯ ಗೌಂಡಿಯೊಬ್ಬರು ನನಗೆ ಹೇಳಿದ್ದುಂಟು: "ಮಣ್ಣಿಗೆ ವೈರಿ ಇಬ್ರು ನೋಡ್ರಿ ಸರ. ಒಂದು ನೀರು, ಇನ್ನೊಂದು ಮರವು."

ಮರೆವಿನ ಕಾಲ ಬಂದದ್ದು ಹೇಗೆ? 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆ ಗಂಗಾವತಿಯ ಬಯಲನ್ನು ಭತ್ತದ ಕಣಜವಾಗಿಸಿತು. ಹಣ ಬಂತು, ರಸ್ತೆ ಬಂತು, ರಸ್ತೆಯ ಮೇಲೆ ಸಿಮೆಂಟು ಕಬ್ಬಿಣಗಳ ಲಾರಿ ಬಂದವು. ಅತ್ತ ಕುಷ್ಟಗಿ ಯಲಬುರ್ಗಾಗಳ ಒಣಭೂಮಿಯಿಂದ ಜನ ದುಡಿಮೆ ಹುಡುಕಿ ಬೇರೆ ಊರುಗಳಿಗೆ ಹೊರಟರು. ಮಾಳಿಗೆ ಹತ್ತುವ ಹರೆಯದ ಕಾಲುಗಳು ಊರಿನಲ್ಲಿ ಕಡಿಮೆಯಾದವು. 1970ರ ದಶಕದಿಂದ ಜನತಾ ಮನೆ, 1990ರ ದಶಕದಿಂದ ಆಶ್ರಯ ಮನೆ ಎಂದು ಸರಕಾರದ ಯೋಜನೆಗಳು ಬಂದವು. ಗುಡಿಸಲಿನಲ್ಲಿದ್ದವರಿಗೆ ಮೊದಲ ಸಲ ಗಟ್ಟಿಯಾದ ಸೂರು ಸಿಕ್ಕಿತು. ಇದು ಸಣ್ಣ ಮಾತಲ್ಲ. ವರ್ಷಕ್ಕೊಮ್ಮೆ ಮೈಮುರಿದು ಮಣ್ಣು ಹೊರುವುದರಿಂದ ಬಿಡುಗಡೆ ಬಯಸಿದವರನ್ನು ಯಾವ ಬಾಯಿಂದ ಬೈಯುವುದು?

ಆಮೇಲೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರಂದು, ಗಣೇಶನನ್ನು ನೀರಿಗೆ ಬಿಟ್ಟು ಮಲಗಿದ ಮರುದಿನದ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ, ಮಹಾರಾಷ್ಟ್ರದ ಲಾತೂರು ಉಸ್ಮಾನಾಬಾದು ಜಿಲ್ಲೆಗಳಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಸತ್ತರು. ಅವರನ್ನು ಕೊಂದ ಮನೆಗಳು ನಮ್ಮ ಮನೆಗಳ ಒಡಹುಟ್ಟಿದವೇ: ಕಲ್ಲಿಗೆ ಕೆಸರು ಕಟ್ಟಿದ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಳೆಯ ಪದರವನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹೇರಿದ್ದರಿಂದ ಎಷ್ಟೋ ಮಾಳಿಗೆಗಳು ಎರಡು ಅಡಿಯಷ್ಟು ದಪ್ಪವಾಗಿದ್ದವು. ಗೋಡೆಯ ಒಳಮೈ ಹೊರಮೈಗಳನ್ನು ಒಟ್ಟಿಗೆ ಹಿಡಿಯುವ ಉದ್ದನೆಯ ಅಡ್ಡಗಲ್ಲುಗಳನ್ನು ಇಟ್ಟಿರಲಿಲ್ಲ. ನಡುವೆ ತುಂಬಿದ್ದು ದುಂಡುಗಲ್ಲು. ಮರದ ಕಂಬ ತೊಲೆಗಳು ಭದ್ರವಾಗಿದ್ದ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ನಿಂತು ಜನ ಬದುಕಿದ ನಿದರ್ಶನಗಳಿದ್ದವೆಂದು ಆಮೇಲೆ ತಿಳಿಯಿತು. ಆದರೆ ಆ ವಿವರ ಅಂದು ಯಾರಿಗೆ ಬೇಕಾಗಿತ್ತು? ಪತ್ರಿಕೆಯ ಚಿತ್ರಗಳನ್ನು ನೋಡಿ ನಾನು ಹೆದರಿದೆ.

1994ರ ಬೇಸಿಗೆಯಲ್ಲಿ ನಮ್ಮ ಮನೆಯ ಮುಂದಿನ ನಾಲ್ಕು ಅಂಕಣಗಳನ್ನು ಕೆಡವಿಸಿ ಸಿಮೆಂಟಿನ ಮನೆ ಕಟ್ಟಿಸಿದೆ. ಪಟ್ಟಣದಲ್ಲಿ ಮೇಷ್ಟರಾಗಿದ್ದವನು, ಇತಿಹಾಸ ಕಲಿಸುತ್ತಿದ್ದವನು. ಆದರೂ ಹಳೆಯ ಮನೆಯಿಂದ ಏನನ್ನು ಉಳಿಸಿಕೊಳ್ಳಬೇಕೆಂದು ಒಂದು ಗಳಿಗೆ ಯೋಚಿಸಲಿಲ್ಲ. ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಇಡಿಸಿದೆ, ನೆರಳಿಗೆ ಸಜ್ಜೆಯಿಲ್ಲ. ಬೆಳಕಿಂಡಿಯಿಲ್ಲ. ನೆತ್ತಿಯ ಮೇಲೆ ನಾಲ್ಕು ಅಂಗುಲದ ಚಪ್ಪಡಿ. ಮೊದಲ ಬೇಸಿಗೆಯಲ್ಲಿಯೇ ಅವ್ವ ಹಾಸಿಗೆಯನ್ನು ಸುತ್ತಿಕೊಂಡು ಹಿಂದಿನ ಮೂರಂಕಣಕ್ಕೆ ಹೊರಟಳು. ಏಕೆಂದು ಕೇಳಿದ್ದಕ್ಕೆ, "ಯಪ್ಪಾ, ಈ ಮನಿ ಹಗಲೆಲ್ಲ ಬಿಸಲು ಉಣ್ಣತೈತಿ, ರಾತ್ರಿ ಕಾರತೈತಿ" ಎಂದಳು. ಶಾಖದ ಸಂಚಾರವನ್ನು ಕುರಿತು ಇದಕ್ಕಿಂತ ಅಡಕವಾದ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಅವ್ವ ಹದಿನೈದು ವರ್ಷ ಆ ಹಳೆಯ ಭಾಗದಲ್ಲಿಯೇ ಮಲಗಿದಳು. ಅಪ್ಪ ತೀರಿಕೊಂಡ ಮೇಲೆ ಮಾಳಿಗೆ ಹತ್ತುವವರು ಯಾರೂ ಉಳಿಯಲಿಲ್ಲ. ಪ್ರತಿ ವರ್ಷ ಮಿರ್ಗಕ್ಕೆ ಮುಂಚೆ ಅವ್ವ ನೆನಪು ಮಾಡುವಳು. ಪ್ರತಿ ವರ್ಷ ನಾನು ಬರುವ ರವಿವಾರವೆನ್ನುವೆನು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕದವರು ಮರೆಯಲಾರರು. ಬರಗಾಲದ ನಾಡಿನ ಮೇಲೆ ಹಗಲು ರಾತ್ರಿಯೆನ್ನದೆ ಸುರಿಯಿತು. ಮಣ್ಣಿನ ಮನೆಗಳು ಲಕ್ಷದ ಲೆಕ್ಕದಲ್ಲಿ ನೆನೆದು ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಗೋಡೆಯ ಕೆಳಗೆ ಸಿಕ್ಕಿ ಸತ್ತವರೂ ಅವರಲ್ಲಿ ಅನೇಕರು. ಮೂರನೆಯ ದಿನ ಸಂಜೆ ಅವ್ವನನ್ನು ಒತ್ತಾಯದಿಂದ ಸಿಮೆಂಟಿನ ಮನೆಗೆ ಕರೆತಂದೆವು. ಅದೇ ರಾತ್ರಿ ಹಿಂದಿನ ಮಾಳಿಗೆ ಬಿತ್ತು. ದೋಣಿಯ ಬಾಯಲ್ಲಿ ಹುಲ್ಲು ಬೆಳೆದು ನೀರು ಹೊರಗೆ ಹೋಗದೆ, ಮಾಳಿಗೆಯ ಮೇಲೆಯೇ ನಿಂತು, ಗೋಡೆಯ ಒಡಲಿಗೆ ಇಳಿದಿತ್ತು. ಅವ್ವ ದಿನವೂ ಹಾಸಿಗೆ ಹಾಸುತ್ತಿದ್ದ ಜಾಗದ ಮೇಲೆ ತೊಲೆಯೊಂದು ಅಡ್ಡ ಬಿದ್ದಿತ್ತು.

ಹಾಗಾದರೆ ನನ್ನ ಅವ್ವನನ್ನು ಉಳಿಸಿದ್ದು ನಾನು ಕಟ್ಟಿಸಿದ ಕೆಟ್ಟ ಮನೆ. ಕೊಲ್ಲಲಿದ್ದದ್ದು ಅಜ್ಜ ಕಟ್ಟಿಸಿದ ಒಳ್ಳೆಯ ಮನೆ. ಈ ಮಾತನ್ನು ನಾನು ಬಹುದಿನ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಈಗ ನನಗೆ ತೋರುವುದಿಷ್ಟು. ಅಜ್ಜನ ಮನೆಯ ಒಳ್ಳೆಯತನ ಕೇವಲ ಮಣ್ಣಿನಲ್ಲಿರಲಿಲ್ಲ. ಅದರ ಮೇಲೆ ವರ್ಷವರ್ಷವೂ ಹತ್ತಿದ ಕಾಲುಗಳಲ್ಲಿಯೂ ಇತ್ತು. ಆ ಕಾಲುಗಳನ್ನು ಹಿಂತೆಗೆದುಕೊಂಡು ಮಣ್ಣಿಗೆ ದೋಷ ಹೊರಿಸುವುದು ನ್ಯಾಯವಲ್ಲ. ಹಾಗೆಂದು ಆ ಕಾಲುಗಳನ್ನು ಮತ್ತೆ ಕೂಲಿಗೆ ಕರೆದು ಹಳೆಯ ವ್ಯವಸ್ಥೆಯನ್ನೇ ತರುತ್ತೇವೆಂಬುದೂ ನ್ಯಾಯವಲ್ಲ. ಹಳೆಯ ಮನೆಯ ಜಾಣತನ ಉಳಿಯಬೇಕು. ಅದರ ಹೊರೆ, ಹೊಗೆ, ಕತ್ತಲೆಗಳು ಹೋಗಬೇಕು. ಇದು ಸಾಧ್ಯವೆ?

ಸಾಧ್ಯವೆಂದು ತೋರಿಸಿದವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಹಳ್ಳಿಯ ಬದುಕಿಗೆ ಒದಗುವ ವಿಜ್ಞಾನ ಅದರ ಗುರಿ. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಅಲ್ಲಿ ಮಣ್ಣಿನ ಇಟ್ಟಿಗೆಯನ್ನು ಕುರಿತು ದೀರ್ಘಕಾಲ ದುಡಿದರು. ಮರಳಿನಂಶ ಹೆಚ್ಚಾಗಿರುವ ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಗಟ್ಟಿಯಾದ ಇಟ್ಟಿಗೆ ಸಿದ್ಧ. ಅದನ್ನು ಸುಡಬೇಕಾಗಿಲ್ಲ; ಭಟ್ಟಿಗೆ ಕಟ್ಟಿಗೆ ಬೇಡ. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಅರ್ಧಕ್ಕಿಂತಲೂ ಕಡಿಮೆ ಇದಕ್ಕೆ ಸಾಕು. ಅದೇ ಅಸ್ತ್ರದವರು 1980ರ ದಶಕದ ಆರಂಭದಲ್ಲಿ ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿದರು. ಅಂತಹ ಒಂದು ಒಲೆ ನಮ್ಮ ಅಡಿಗೆಮನೆಗೆ ಬಂದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೊರಗಿನ ಉದಾಹರಣೆಗಳೂ ಇವೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳವನ್ನೇ ಮನೆ ಮಾಡಿಕೊಂಡ ಲಾರಿ ಬೇಕರ್ (1917–2007), ಮನೆಯ ಸುತ್ತಣ ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯ ಮಾತನ್ನು ಜೀವನದ ಸೂತ್ರವಾಗಿ ಹಿಡಿದರು. ಚಪ್ಪಡಿಯ ಒಡಲಲ್ಲಿ ಹಂಚುಗಳನ್ನು ಹುದುಗಿಸಿ ಸಿಮೆಂಟನ್ನೂ ಸೆಕೆಯನ್ನೂ ಕಡಿಮೆ ಮಾಡುವ ಕ್ರಮವನ್ನು ಬಳಕೆಗೆ ತಂದರು. ಈಜಿಪ್ಟಿನ ಹಸನ್ ಫತೇ ಎಂಬ ವಾಸ್ತುಶಿಲ್ಪಿ 1945ರಿಂದ ಲಕ್ಸರ್ ಬಳಿ ಮಣ್ಣಿನ ಇಟ್ಟಿಗೆಯಿಂದಲೇ ಒಂದು ಸುಂದರ ಗ್ರಾಮವನ್ನು ಕಟ್ಟತೊಡಗಿದನು. ಆದರೆ ಯಾರಿಗಾಗಿ ಕಟ್ಟಿದನೋ ಆ ಜನ ತಮ್ಮ ಹಳೆಯ ನೆಲೆಯನ್ನು ಬಿಟ್ಟು ಅಲ್ಲಿಗೆ ಬರಲು ಒಪ್ಪಲಿಲ್ಲ. ಇದು ನಮಗೂ ಪಾಠ. 2009ರ ಮಳೆಯ ನಂತರ 'ಆಸರೆ' ಯೋಜನೆಯಲ್ಲಿ ಹೊಸ ಊರುಗಳು ಎದ್ದಾಗ, ನಾನು ನೋಡಿದ ಕೆಲವು ಕಡೆ ಮನೆಗಳ ಮುಂದೆ ಎತ್ತು ಕಟ್ಟಲು ಗೂಟಕ್ಕೆ ಎಡೆಯಿರಲಿಲ್ಲ, ಬಣವೆಗೆ ಜಾಗವಿರಲಿಲ್ಲ. ಇರುವವರನ್ನು ಕೇಳದೆ ಕಟ್ಟಿದ ಮನೆ ಮಣ್ಣಿನದಾದರೇನು, ಸಿಮೆಂಟಿನದಾದರೇನು, ಅದು ಪರರ ಮನೆಯೇ.

ನಮ್ಮ ಸೀಮೆಯಲ್ಲಿಯೇ ಕಾಣಬೇಕೆಂದರೆ ಆನೆಗುಂದಿಗೆ ಹೋಗಿರಿ. ಶಮಾ ಪವಾರ್ ಅವರು 1997ರಲ್ಲಿ ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್ ಅಲ್ಲಿ ಬೀಳಲಿದ್ದ ಹಳೆಯ ಮನೆಗಳನ್ನು ಅದೇ ಮಣ್ಣು, ಕಲ್ಲು, ಮರಗಳಿಂದ ದುರಸ್ತಿಗೊಳಿಸಿ ಮತ್ತೆ ವಾಸಕ್ಕೆ ತಂದಿದೆ. ನಾನು ಅಂತಹ ಒಂದು ಮನೆಯ ಪಡಸಾಲೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕುಳಿತಿದ್ದೆ. ಹೊರಗೆ ಬಂಡೆಗಳು ಕಾದ ಹಂಚಿನಂತಿದ್ದವು. ಒಳಗೆ, ಸುಣ್ಣ ಬಳಿದ ಗೋಡೆಗೆ ಬೆನ್ನು ಆನಿಸಿದಾಗ, ಐವತ್ತು ವರ್ಷಗಳ ಹಿಂದಿನ ನಮ್ಮ ಮನೆಯ ತಂಪು ಬೆನ್ನಿಗೆ ಹತ್ತಿತು. ಆದರೆ ಅಲ್ಲಿ ಕತ್ತಲೆಯಿರಲಿಲ್ಲ, ಹ್ವಗೆಯಿರಲಿಲ್ಲ.

ಕಳೆದ ವರ್ಷ ನನ್ನ ಮಗಳು ಊರಿನ ಆ ಹಾಳು ಜಾಗದಲ್ಲಿ ಮನೆ ಕಟ್ಟಿಸುತ್ತೇನೆಂದಳು. "ಅಪ್ಪಾ, ಹೆಂಗ ಕಟ್ಟಿಸೋಣು, ನೀನ ಹೇಳು" ಎಂದಳು. ಹೇಳುವ ಅಧಿಕಾರ ನನಗಿದೆಯೇ ಎಂದು ಅಳುಕಿದರೂ, ನನ್ನ ತಪ್ಪುಗಳನ್ನು ಒಂದೊಂದಾಗಿ ನೆನೆದು ಹೇಳಿದೆ. ಪಡುವಣ ಗೋಡೆಗೆ ಕಿಟಕಿ ಬೇಡ. ಇಟ್ಟರೆ ನೆರಳಿನ ಸಜ್ಜೆಯಿರಲಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ, ನೆತ್ತಿಯಲ್ಲಿ ಬೆಳಕಿಂಡಿಯಿರಲಿ. ಗೋಡೆಗೆ ಒತ್ತಿದ ಮಣ್ಣಿನ ಇಟ್ಟಿಗೆಯಿರಲಿ. ಎರೆಭೂಮಿಯಾದ್ದರಿಂದ ತಳಪಾಯ ಆಳವಾಗಿರಲಿ, ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಬಿಗಿಯುವ ಕಾಂಕ್ರೀಟಿನ ಪಟ್ಟಿಯಿರಲಿ. ಜಗತ್ತಿನ ಇಂಗಾಲಾಮ್ಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ ಎನ್ನುತ್ತಾರೆ. ಹಾಗೆಂದು ಅದನ್ನು ಮನೆಯೊಳಗೆ ಬಿಡುವುದೇ ಇಲ್ಲವೆನ್ನಬೇಡ, ಬೇಕಾದಲ್ಲಿ ಬೇಕಾದಷ್ಟು ಬಳಸು. ಚಪ್ಪಡಿಯಲ್ಲಿ ಹಂಚು ಹುದುಗಿಸಲು ಗೌಂಡಿಗೆ ಹೇಳು. ನೆಲಕ್ಕೆ ಶಹಾಬಾದಿನ ಫರ್ಸಿ ಸಾಕು. ಅಡಿಗೆಮನೆಯನ್ನು ಮೊದಲು ಯೋಚಿಸು, ಪಡಸಾಲೆಯನ್ನು ಆಮೇಲೆ. ಮಾಳಿಗೆಯ ನೀರನ್ನು ತೊಟ್ಟಿಗೆ ಇಳಿಸು. ಆರು ನೂರು ಮಿಲಿಮೀಟರಿನ ನಾಡಿನಲ್ಲಿ ಅದನ್ನು ಓಣಿಗೆ ಬಿಡುವುದು ಪಾಪ.

ಮನೆ ಎದ್ದಿದೆ. ಅದರಲ್ಲಿಯೂ ಕುಂದುಗಳಿವೆ, ಖರ್ಚು ನಾವು ಎಣಿಸಿದ್ದಕ್ಕಿಂತ ಹೆಚ್ಚಾಯಿತು, ಒತ್ತಿದ ಇಟ್ಟಿಗೆಯ ಕೆಲಸ ಬಲ್ಲ ಗೌಂಡಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಆದರೆ ವೈಶಾಖದ ರಾತ್ರಿ ಅಲ್ಲಿ ಮಲಗಬಹುದು. ಅವ್ವ ಇದನ್ನು ನೋಡಲು ಉಳಿದಿಲ್ಲ.

ನಿಚ್ಚಣಿಕೆಯೊಂದನ್ನು ಮಾತ್ರ ನಾನು ಹಳೆಯ ಮನೆಯ ಜಂತಿಗಳಿಂದ ಮಾಡಿಸಿ ಗೋಡೆಗೆ ಒರಗಿಸಿದ್ದೇನೆ. ಈ ವರ್ಷ ಮಿರ್ಗ ಕೂಡುವ ಮೊದಲು ಹತ್ತಿ, ನೀರಿನ ಕೊಳವೆಯ ಬಾಯಿಗೆ ಕಟ್ಟಿದ್ದ ಬೇವಿನ ಎಲೆಗಳನ್ನು ತೆಗೆದು ಬಂದೆ. ಮೊಮ್ಮಗ ಕೆಳಗೆ ನಿಂತು ನಿಚ್ಚಣಿಕೆ ಹಿಡಿದಿದ್ದನು. ಮುಂದಿನ ವರ್ಷ ನಾನು ಹಿಡಿಯುತ್ತೇನೆ, ಅವನು ಹತ್ತಲಿ.